ಎಸಿ ಗ್ಯಾಸ್ ತುಂಬಿಸುವ ಮೊದಲು ಸೆನ್ಸರ್ ವೈರ್ ನೋಡಿ

ಕಾರಿನ ಎಸಿ ತಣ್ಣಗಾಗುತ್ತಿಲ್ಲ ಅಂದರೆ ಮೊದಲು ಬರುವ ಮಾತು, ಗ್ಯಾಸ್ ಖಾಲಿಯಾಗಿರಬೇಕು ಅಂತ. ನಾಬ್ ತಿರುಗಿಸುವ ಮ್ಯಾನ್ಯುಯಲ್ ಎಸಿಯಲ್ಲಿ ಈ ಊಹೆ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆಟೋ ಬಟನ್ ಇರುವ ಕ್ಲೈಮೇಟ್ ಕಂಟ್ರೋಲ್‌ನ ಕಥೆ ಬೇರೆ. ಅಲ್ಲಿ ಗ್ಯಾಸೂ ಸರಿ, ಕಂಪ್ರೆಸರೂ ಸರಿ, ಆದರೂ ಬೆಚ್ಚನೆ ಗಾಳಿ ಬರಬಹುದು. ತಾಪಮಾನ ಅಳೆಯುವ ಸೆನ್ಸರ್‌ನಿಂದ ಮಾಡ್ಯೂಲ್‌ಗೆ (ಎಸಿ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಹೋಗುವ ಎರಡು ವೈರ್‌ಗಳಲ್ಲಿ ಒಂದು ಕೈಕೊಟ್ಟರೂ ಸಾಕು.

ಇದು ಕೆಲಸ ಮಾಡುವ ರೀತಿ ಸರಳ. ಮಾಡ್ಯೂಲ್ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಆ ಕಡೆ ತುದಿಯಲ್ಲಿ ಥರ್ಮಿಸ್ಟರ್ ಇರುತ್ತದೆ, ಅದೇ ತಾಪಮಾನದ ಸೆನ್ಸರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) ಇಳಿಯುತ್ತದೆ, ಜೊತೆಗೆ ವೋಲ್ಟೇಜ್ ಕೂಡ. ಮಾಡ್ಯೂಲ್ ಆ ವೋಲ್ಟೇಜ್ ನೋಡಿಯೇ ತಾಪಮಾನ ಎಷ್ಟು ಅಂತ ಲೆಕ್ಕ ಹಾಕುತ್ತದೆ. ವೈರ್ ಕಡಿದರೆ 5 ವೋಲ್ಟ್ ಪೂರ್ತಿ ಉಳಿಯುತ್ತದೆ. ಆಗ ಮಾಡ್ಯೂಲ್ ವಿಪರೀತ ಚಳಿ ಅಂದುಕೊಳ್ಳುತ್ತದೆ. ಸ್ಕ್ಯಾನರ್‌ನಲ್ಲಿ (ಕಾರಿನ ಕಂಪ್ಯೂಟರ್‌ನ ಅಂಕಿ, ಕೋಡ್ ಓದುವ ಸಾಧನ) ಸಾಮಾನ್ಯವಾಗಿ ಮೈನಸ್ 40 ಕಾಣುತ್ತದೆ. (ಸೆಲ್ಸಿಯಸ್‌ನಲ್ಲೂ ಫ್ಯಾರನ್‌ಹೀಟ್‌ನಲ್ಲೂ ಮೈನಸ್ 40 ಒಂದೇ. ಹಾಗಾಗಿ ಯೂನಿಟ್ ಯಾವುದು ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ.) ಎರಡು ವೈರ್ ಒಂದಕ್ಕೊಂದು ತಾಗಿದರೆ ಇದರ ಉಲ್ಟಾ: ವೋಲ್ಟೇಜ್ ಸೊನ್ನೆ, ಮಾಡ್ಯೂಲ್ ಪಾಲಿಗೆ ಸುಡುಬಿಸಿ.

ಹೊರಗಿನ ತಾಪಮಾನದ ಸೆನ್ಸರ್ ಬಹಳಷ್ಟು ಕಾರುಗಳಲ್ಲಿ ಮುಂದಿನ ಬಂಪರ್ ಅಥವಾ ಗ್ರಿಲ್ ಹಿಂದೆ ಇರುತ್ತದೆ. ಕಲ್ಲು, ನೀರು, ಕೆಸರು ಎಲ್ಲ ಬಡಿಯುವುದು ಅಲ್ಲಿಗೇ. ಬಂಪರ್ ಬಿಚ್ಚಿ ಪೇಂಟ್ ಮಾಡಿದವರು ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಹಾಕುವುದನ್ನೇ ಮರೆತಿರುವುದೂ ಉಂಟು. ಹೊರಗೆ ಕೊರೆಯುವ ಚಳಿ ಅಂತ ಓದಿದ ಮಾಡ್ಯೂಲ್ ಕಂಪ್ರೆಸರ್ ಆನ್ ಮಾಡುವುದೇ ಇಲ್ಲ. ಅದರ ತಪ್ಪಲ್ಲ, ಅಷ್ಟು ಚಳಿಯಲ್ಲಿ ಕಂಪ್ರೆಸರ್ ಓಡಿಸಬಾರದು ಅಂತಲೇ ಅದಕ್ಕೆ ಹೇಳಿಕೊಟ್ಟಿರುವುದು. ಇಂಥ ಕಾರಿಗೆ ಗ್ಯಾಸ್ ತುಂಬಿಸಿದರೆ ದುಡ್ಡು ದಂಡ.

ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಓದುವಾಗ ಇಲ್ಲೊಂದು ಎಡವಟ್ಟು ಆಗುತ್ತದೆ. ಪಿ0073 ಅಂದರೆ ಹೊರಗಿನ ತಾಪಮಾನದ ಸರ್ಕ್ಯೂಟ್ 'ಹೈ'. ಹೈ ಆಗಿರುವುದು ವೋಲ್ಟೇಜ್, ತಾಪಮಾನ ಅಲ್ಲ. ಅಂದರೆ ವೈರ್ ಕಡಿದಿರಬಹುದು, ಕಪ್ಲರ್ ಬಿಟ್ಟುಕೊಂಡಿರಬಹುದು. ಪಿ0072 ಇದರ ಉಲ್ಟಾ, ಸರ್ಕ್ಯೂಟ್ 'ಲೋ'. ಅದು ಬಂದರೆ ವೈರ್ ಎಲ್ಲೋ ಅರ್ಥ್‌ಗೆ ತಾಗುತ್ತಿದೆಯಾ ಅಂತ ಹುಡುಕಿ.

ಪೂರ್ತಿ ಕಡಿದ ವೈರ್ ಹುಡುಕುವುದು ಕಷ್ಟವಲ್ಲ. ನಿಜವಾದ ತಲೆನೋವು ಅರ್ಧ ಕೆಟ್ಟ ವೈರ್. ಕಪ್ಲರ್ ಬಿಚ್ಚಿದರೆ ಪಿನ್ ಮೇಲೆ ಹಸಿರು ಪುಡಿ ಕೂತಿರುತ್ತದೆ. ವೈರ್‌ನ ಮೇಲುಹೊದಿಕೆ ಸ್ವಲ್ಪ ಸುಲಿದರೆ ತಾಮ್ರ ಹೊಳೆಯುವ ಬದಲು ಕಪ್ಪಾಗಿರುತ್ತದೆ, ಬೆರಳಲ್ಲಿ ಮುಟ್ಟಿದರೆ ಎಳೆಗಳು ಉದುರುತ್ತವೆ. ಇಂಥ ಕಡೆ ಕೋಡ್ ಬರುವುದಿಲ್ಲ, ಯಾಕೆಂದರೆ ಓದುತ್ತಿರುವ ಅಂಕಿ ನಂಬುವ ಹಾಗೇ ಇರುತ್ತದೆ.

ಕೂಲಿಂಗ್ ಕಾಯಿಲ್ ಸೆನ್ಸರ್ ತೆಗೆದುಕೊಳ್ಳಿ. ಕಾಯಿಲ್ ಮೇಲೆ ಐಸ್ ಕಟ್ಟದ ಹಾಗೆ ಕಾಯುವುದು ಅದರ ಕೆಲಸ. 5 ಡಿಗ್ರಿಯಲ್ಲಿ ಅದರ ರೆಸಿಸ್ಟೆನ್ಸ್ 5 ಕಿಲೋಓಮ್ ಅಂತ ಇಟ್ಟುಕೊಳ್ಳೋಣ. ತುಕ್ಕು ಹಿಡಿದ ಪಿನ್ ಇನ್ನೊಂದು ಕಿಲೋಓಮ್ ಸೇರಿಸಿತು. ಮಾಡ್ಯೂಲ್‌ಗೆ ಕಾಣುವುದು 6 ಕಿಲೋಓಮ್. ಹೆಚ್ಚುಕಮ್ಮಿ 4 ಡಿಗ್ರಿ ಕಡಿಮೆ ಲೆಕ್ಕ ಬರುತ್ತದೆ. ಕಾಯಿಲ್ ಇನ್ನೇನು ಐಸ್ ಕಟ್ಟುತ್ತದೆ ಅಂತ ಕಂಪ್ರೆಸರ್ ಬೇಗ ಬೇಗ ಕಟ್ ಆಗುತ್ತದೆ. ಓನರ್ ಹೇಳುವುದು ಇಷ್ಟೇ: ಕೂಲಿಂಗ್ ಇದೆ, ಆದರೆ ಮೊದಲಿನ ಹಾಗಿಲ್ಲ. ಇದೇ ಸೆನ್ಸರ್ ಇರುವುದಕ್ಕಿಂತ ಬಿಸಿ ತೋರಿಸಿದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಕಾಯಿಲ್ ಐಸ್ ಕಟ್ಟಿ, ದೂರ ಓಡಿಸಿದ ಮೇಲೆ ಗಾಳಿ ಸಣ್ಣಗಾಗುತ್ತದೆ. ಸ್ವಲ್ಪ ಹೊತ್ತು ಎಸಿ ಆಫ್ ಮಾಡಿದರೆ ಮತ್ತೆ ಸರಿ.

ಅರ್ಧ ಕೆಟ್ಟ ವೈರ್ ಹಿಡಿಯಲು ನನಗೆ ತುಂಬಾ ಇಷ್ಟವಾದ ಪರೀಕ್ಷೆಗೆ ಏನೂ ಬಿಚ್ಚಬೇಕಾಗಿಲ್ಲ. ಕಾರನ್ನು ರಾತ್ರಿಯಿಡೀ ನೆರಳಲ್ಲಿ ನಿಲ್ಲಿಸಿ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ, ಇಗ್ನಿಷನ್ ಮಾತ್ರ ಆನ್ ಮಾಡಿ ಸ್ಕ್ಯಾನರ್ ಹಾಕಿ. ಹೊರಗಿನ ಸೆನ್ಸರ್, ಕ್ಯಾಬಿನ್ ಸೆನ್ಸರ್, ಕಾಯಿಲ್ ಸೆನ್ಸರ್, ಎಂಜಿನ್ ಕೂಲೆಂಟ್, ಎಲ್ಲವೂ ಎರಡು ಮೂರು ಡಿಗ್ರಿ ಅಂತರದೊಳಗೆ ಇರಬೇಕು. ಒಂದೇ ಒಂದು ಆರೇಳು ಡಿಗ್ರಿ ಆಚೆ ನಿಂತಿದ್ದರೆ ಆ ಸರ್ಕ್ಯೂಟ್‌ನಿಂದಲೇ ಶುರುಮಾಡಿ.

ಆಮೇಲೆ ಆ ಸೆನ್ಸರ್‌ನ ಕಪ್ಲರ್ ಬಿಚ್ಚಿ ಸ್ಕ್ಯಾನರ್ ನೋಡಿ. ಮೈನಸ್ 40ರ ಕಡೆ ಹೋಗಬೇಕು. ಕಪ್ಲರ್‌ನ ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ತೆಳು ವೈರ್‌ನಿಂದ ಸೇರಿಸಿ, ಅಂಕಿ ಜೋರು ಬಿಸಿಯ ಕಡೆ ಏರಬೇಕು. ಎರಡೂ ಆದರೆ ಮಾಡ್ಯೂಲ್ ಸರಿಯಿದೆ, ವೈರ್ ಕಡಿದಿಲ್ಲ, ಶಾರ್ಟೂ ಇಲ್ಲ. ಸೆನ್ಸರನ್ನು ಐಸ್ ನೀರಿನಲ್ಲಿ ಅದ್ದಿ ರೆಸಿಸ್ಟೆನ್ಸ್ ಅಳೆದು ನೋಡಿ. 25 ಡಿಗ್ರಿಯಲ್ಲಿ ಇದ್ದದ್ದರ ಸುಮಾರು ಮೂರು ಪಟ್ಟು ಬಂದರೆ ಅದೂ ಸರಿಯೇ, ಉಳಿದದ್ದು ಪಿನ್ ಮತ್ತು ತುಕ್ಕು. ಹೀಗೆ ಪಿನ್ ಸೇರಿಸುವುದು ಎರಡು ವೈರ್‌ನ ಥರ್ಮಿಸ್ಟರ್‌ಗೆ ಮಾತ್ರ. ಎಸಿ ಗ್ಯಾಸಿನ ಒತ್ತಡ ಅಳೆಯುವ, ಮೂರು ವೈರ್‌ನ ಪ್ರೆಶರ್ ಸೆನ್ಸರ್‌ನಲ್ಲಿ ಈ ಪ್ರಯೋಗ ಬೇಡ. ಡ್ಯಾಶ್‌ಬೋರ್ಡ್ ಒಳಗಿನ ಹಳದಿ ಕಪ್ಲರ್‌ಗಳನ್ನಂತೂ ಮುಟ್ಟಲೇಬೇಡಿ, ಅವು ಏರ್‌ಬ್ಯಾಗ್‌ನವು.

ಇನ್ನೊಂದು ವಿಷಯ. ಕೆಲವು ಮಾಡ್ಯೂಲ್‌ಗಳು ಸೆನ್ಸರ್ ಕೆಟ್ಟಿದೆ ಅಂತ ಗೊತ್ತಾದ ಕೂಡಲೇ ತಾವೇ ಒಂದು ಅಂಕಿ ಇಟ್ಟುಕೊಂಡು ಕೆಲಸ ಮುಂದುವರಿಸುತ್ತವೆ. ಕ್ಯಾಬಿನ್ ತಾಪಮಾನ ಏನು ಮಾಡಿದರೂ ಅಲುಗಾಡದೆ ಒಂದೇ ಕಡೆ ನಿಂತಿದ್ದರೆ ಅದನ್ನು ನಂಬಬೇಡಿ.

ಆಗಾಗ ಬಂದು ಹೋಗುವ ದೋಷಕ್ಕೆ ಸ್ಕ್ಯಾನರ್‌ನಲ್ಲಿ ತಾಪಮಾನದ ಗ್ರಾಫ್ ತೆರೆದಿಟ್ಟು ವೈರಿಂಗನ್ನು ಕೈಯಲ್ಲಿ ಅಲುಗಾಡಿಸಬೇಕು. ತಾಪಮಾನ ಯಾವತ್ತೂ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ 30 ಡಿಗ್ರಿ ಜಿಗಿದರೆ ಅದು ಹವೆ ಅಲ್ಲ, ಲೂಸ್ ಕನೆಕ್ಷನ್. ಮಲ್ಟಿಮೀಟರ್‌ನ ಬೀಪ್ ಶಬ್ದ ಇಲ್ಲಿ ಸಾಕಾಗುವುದಿಲ್ಲ. ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಅಲ್ವಾ?

ಎಲ್ಲವನ್ನೂ ವೈರ್ ತಲೆಗೆ ಕಟ್ಟುವುದೂ ತಪ್ಪು. ಕ್ಯಾಬಿನ್ ಸೆನ್ಸರ್ ಮೇಲೆ ಒಳಗಿನ ಗಾಳಿ ಹಾಯುವಂತೆ ಎಳೆಯಲು ಸಣ್ಣ ಪೈಪ್ ಅಥವಾ ಪುಟ್ಟ ಫ್ಯಾನ್ ಇರುತ್ತದೆ. ಪೈಪ್ ಕಳಚಿದ್ದರೆ ಸೆನ್ಸರ್ ಡ್ಯಾಶ್‌ಬೋರ್ಡ್‌ನ ಬಿಸಿಯನ್ನೇ ಓದಿ ಎಸಿ ಜಾಸ್ತಿ ಮಾಡುತ್ತಾ ಹೋಗುತ್ತದೆ. ಡ್ಯಾಶ್‌ಬೋರ್ಡ್ ಮೇಲಿನ ಬಿಸಿಲು ಸೆನ್ಸರ್ ಶೆಡ್ಡಿನ ಕತ್ತಲಲ್ಲಿ ಸುಮ್ನೆ ಕೋಡ್ ಕೊಡುವುದುಂಟು. ಕಾರನ್ನು ಬಿಸಿಲಿಗೆ ತಂದು ಮತ್ತೊಮ್ಮೆ ಓದಿ.

ಪ್ರೆಶರ್ ಸೆನ್ಸರ್ ಕಡೆ ಮಾತ್ರ ಸ್ವಲ್ಪ ಹುಷಾರು. ಅದರ 5 ವೋಲ್ಟ್ ಲೈನನ್ನು ಬೇರೆ ಸೆನ್ಸರ್‌ಗಳೂ ಹಂಚಿಕೊಂಡಿರಬಹುದು. ಒಂದು ಕಡೆ ಶಾರ್ಟ್ ಆದರೆ ಸಂಬಂಧವೇ ಇಲ್ಲದ ನಾಲ್ಕು ಕೋಡ್ ಒಟ್ಟಿಗೆ ಬರುತ್ತವೆ. ಆಗ ನಾಲ್ಕು ಸೆನ್ಸರ್ ಕೊಳ್ಳಬೇಡಿ. ಒಂದೊಂದೇ ಕಪ್ಲರ್ ಬಿಚ್ಚುತ್ತಾ ಹೋಗಿ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೆ ನೋಡಿ. ಯಾವುದರಲ್ಲೂ ಬರದಿದ್ದರೆ ಶಾರ್ಟ್ ವೈರಿಂಗ್‌ನಲ್ಲೇ ಇದೆ.

ರಿಪೇರಿಗೆ ವೈರ್ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಯವರೆಗೆ ಬರುತ್ತದೆ, ಅಷ್ಟೇ. ಕಪ್ಪಾದ ಭಾಗ ಪೂರ್ತಿ ಕತ್ತರಿಸಿ, ಹೊಳೆಯುವ ತಾಮ್ರ ಸಿಕ್ಕ ಕಡೆ ಜೋಡಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಹಾಕಿ. ಸಡಿಲವಾದ ಪಿನ್ ಬದಲಿಸಿ. ಕೋಡ್ ಅಳಿಸಿದ ಮೇಲೂ ಹೊರಗಿನ ತಾಪಮಾನ ಡಿಸ್‌ಪ್ಲೇಯಲ್ಲಿ ಹಳೆಯದೇ ಇದ್ದರೆ ಗಾಬರಿ ಬೇಡ. ಎಂಜಿನ್ ಬಿಸಿಗೆ ಮೋಸ ಹೋಗಬಾರದು ಅಂತ ಎಷ್ಟೋ ಕಾರುಗಳು ನಿಂತ ಜಾಗದಲ್ಲಿ ಆ ಅಂಕಿಯನ್ನು ಬೇಗ ಬದಲಿಸುವುದಿಲ್ಲ. ಸ್ವಲ್ಪ ದೂರ ಓಡಿಸಿ ನೋಡಿ, ಬಂಪರ್ ಮತ್ತೆ ಬಿಚ್ಚುವ ಯೋಚನೆ ಆಮೇಲೆ.