ಗ್ಯಾಸ್ ಘಮಘಮಿಸುವುದಿಲ್ಲ

ಇಂಗ್ಲಿಷಿನಿಂದ ಸ್ಲೊವಾಕ್ ಭಾಷೆಗೆ ಅನುವಾದ ಮಾಡುವುದು ನನ್ನ ಕೆಲಸ. ಹೊಸಬರ ಕರಡು ಕೈಗೆ ಬಂದರೆ ಮೊದಲು ‘ಸ್ಮೆಲ್’ ಎಲ್ಲಿದೆ ಅಂತ ಹುಡುಕುತ್ತೇನೆ. ಅಲ್ಲಿ ಜಾರದವರು ಕಮ್ಮಿ.

ಒಮ್ಮೆ ಬಾಯ್ಲರ್ ಕೈಪಿಡಿಯೊಂದು ಬಂದಿತ್ತು. ಗ್ಯಾಸ್ ವಾಸನೆ ಬಂದರೆ ಕಿಟಕಿ ತೆರೆಯಿರಿ ಅನ್ನುವ ಸಾಲು. ಕೆಲಸ ಕಲಿಯುತ್ತಿದ್ದ ಹುಡುಗಿ ನಿಘಂಟು ನೋಡಿ ‘ವೊನ್ಯತ್’ ಹಾಕಿದ್ದಳು. ಆ ಪದ ಘಮಘಮಿಸುವುದಕ್ಕೆ, ಇಲ್ಲವೇ ಹೂವಿಗೆ ಮೂಗಿಟ್ಟು ಮೂಸುವುದಕ್ಕೆ. ‘ನೀವು ಗ್ಯಾಸ್ ಮೂಸುತ್ತಿದ್ದರೆ ಕಿಟಕಿ ತೆರೆಯಿರಿ’ ಅಂತಾಯಿತು! ಗಬ್ಬು ನಾರುವುದಕ್ಕೆ ಬೇರೆ ಪದವಿದೆ, ‘ಸ್ಮರ್ದಿಯೆತ್’. ವಾಸನೆ ತಾನಾಗಿ ಮೂಗಿಗೆ ಬಂದರೆ ‘ತ್ಸೀತಿತ್’. ಥಟ್ಟನೆ ಬಡಿದರೆ ‘ಜ಼ತ್ಸೀತಿತ್’. ಕೈಪಿಡಿಗೆ ಬೇಕಿದ್ದದ್ದು ಈ ಕೊನೆಯದು.

ಇಷ್ಟಕ್ಕೇ ಮುಗಿಯಲಿಲ್ಲ. ಇಂಗ್ಲಿಷಿನ ‘ಫೀಲ್’ಗೂ ಸ್ಲೊವಾಕರು ಇದೇ ತ್ಸೀತಿತ್ ಬಳಸುತ್ತಾರೆ. ‘ನಿಚ್ ನೆತ್ಸೀತಿಮ್’ ಅಂತ ನೆಗಡಿಯಾದವನು ಹೇಳಿದರೆ ಯಾವ ವಾಸನೆಯೂ ಗೊತ್ತಾಗುತ್ತಿಲ್ಲ ಎಂದರ್ಥ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ರೋಗಿ ಅದನ್ನೇ ಹೇಳಿದರೆ ಒಸಡು ಮರಗಟ್ಟಿದೆ ಎಂದು. ಹೇಳಿದವರು ಯಾರು, ಎಲ್ಲಿ ಕೂತಿದ್ದಾರೆ ಅಂತ ತಿಳಿಯದೆ ಇಂಗ್ಲಿಷಿಗೆ ತರಲು ಆಗುವುದೇ ಇಲ್ಲ. ಮನಶ್ಶಾಸ್ತ್ರದ ‘ಪರ್ಸೆಪ್ಶನ್’, ಅಂದರೆ ಗ್ರಹಿಕೆ, ಮಾತ್ರ ಸುಲಭ, ಅದು ‘ವ್ನೀಮನಿಯೆ’.

ರುಚಿಯ ವಿಷಯದಲ್ಲಿ ನಮಗೆ ಕನ್ನಡವೇ ದಾರಿ ತೋರಿಸುತ್ತದೆ. ಊಟಕ್ಕೆ ಕೂತಾಗ ಸ್ಲೊವಾಕರು ‘ಖುತೀ ತಿ?’ ಅಂತ ಕೇಳುತ್ತಾರೆ. ನಿನಗೆ ರುಚಿಸಿತಾ ಅಂತ, ಅಷ್ಟೇ. ಇಂಗ್ಲಿಷಿನಲ್ಲಿ ‘ಟೇಸ್ಟ್’ ಅಂದ ಮೇಲೆ ಚೆನ್ನಾಗಿದೆಯೋ ಕೆಟ್ಟದಾಗಿದೆಯೋ ಬೇರೆ ಹೇಳಬೇಕು. ‘ಖುತೀ’ ಅಂದರೆ ಸಾಕು, ಚೆನ್ನಾಗಿದೆ ಎಂದೇ ಲೆಕ್ಕ. ನಾವೇ ಬಾಯಿಗಿಟ್ಟು ನೋಡುವುದು ಬೇರೆ, ಅದು ‘ಒಖುತ್ನತ್’.

ನಾವು ನೋಡು–ಕಾಣು ಅಂತ ಬೇರೆ ಮಾಡುತ್ತೇವಲ್ವಾ? ಅವರಲ್ಲೂ ಹಾಗೇ, ‘ಪೊಜ಼ೆರತ್’ ಮತ್ತು ‘ವಿದಿಯೆತ್’. ಪ್ರವಾಸದ ಪುಸ್ತಿಕೆಗಳಲ್ಲಿ ಎಡವುವುದು ಇನ್ನೊಂದು ಕಡೆ. ಪೊಪ್ರಾದ್ ಊರಿನಿಂದ ತಾತ್ರಾ ಬೆಟ್ಟಗಳು ಕಾಣುತ್ತವೆ ಅನ್ನುವುದಕ್ಕೆ ಇಂಗ್ಲಿಷಿನವರು ‘ಕ್ಯಾನ್ ಸೀ’ ಅನ್ನುತ್ತಾರೆ. ಹೊಸಬರು ಆ ‘ಕ್ಯಾನ್’ಅನ್ನೂ ಬಿಡದೆ ‘ಮ್ವೊಝೆತೆ ವಿದಿಯೆತ್’ ಅಂತ ಬರೆಯುತ್ತಾರೆ. ತಪ್ಪೇನಲ್ಲ, ಆದರೆ ಅನುವಾದದ ವಾಸನೆ ಹೊಡೆಯುತ್ತದೆ. ಬೆಟ್ಟ ಎದುರಿಗೇ ಇದೆ, ‘ವಿದಿಯೆತ್’ ಒಂದೇ ಸಾಕು. ನಾನು ಸುಮ್ನೆ ‘ಮ್ವೊಝೆತೆ’ಗೆ ಗೀಟು ಎಳೆದು ಮುಂದಿನ ಪುಟಕ್ಕೆ ಹೋಗುತ್ತೇನೆ.