ಹರಿಕೇನ್, ಟೈಫೂನ್, ಸೈಕ್ಲೋನ್: ಮೂರೂ ಒಂದೇ ಚಂಡಮಾರುತವೇ?

ಪ್ರಶ್ನೆ: ಅಮೆರಿಕದಲ್ಲಿ ಹರಿಕೇನ್, ಜಪಾನಿನಲ್ಲಿ ಟೈಫೂನ್, ನಮ್ಮಲ್ಲಿ ಸೈಕ್ಲೋನ್ ಎನ್ನುತ್ತಾರಲ್ಲ, ಇವು ಬೇರೆ ಬೇರೆಯೇ?

ಉತ್ತರ: ಅಲ್ಲ, ಹುಟ್ಟುವ ಬಗೆಯಲ್ಲಿ ಮೂರೂ ಒಂದೇ. ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿಯೇರಿದ ಕಡಲಿನಿಂದ ಆವಿ ಮೇಲೇರುತ್ತದೆ. ಅದು ಮೋಡವಾಗುವಾಗ ಹೊರಬರುವ ಶಾಖವೇ ಚಂಡಮಾರುತಕ್ಕೆ ಆಹಾರ. ‘ಸೈಕ್ಲೋನ್’ ಪದ ನಮ್ಮ ಕೊಲ್ಕತ್ತಾದ ಕೊಡುಗೆ. 1840ರ ದಶಕದಲ್ಲಿ ಅಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಹಾವಿನ ಸುರುಳಿಯನ್ನು ನೆನೆದು, ಗ್ರೀಕ್ ಮೂಲದಿಂದ ಅದನ್ನು ಕಟ್ಟಿದರು.

ಆದರೆ ಹೆಸರು ಬಿಟ್ಟರೂ ವ್ಯತ್ಯಾಸಗಳಿವೆ. ಭೂಮಧ್ಯರೇಖೆಯ ಉತ್ತರಕ್ಕೆ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ, ದಕ್ಷಿಣಕ್ಕೆ ಪ್ರದಕ್ಷಿಣವಾಗಿ. 1979ರ ‘ಟಿಪ್’ ಟೈಫೂನ್ 2,200 ಕಿಲೋಮೀಟರ್ ಅಗಲಕ್ಕೆ ಹಬ್ಬಿತ್ತು. 1974ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯಾದ ಡಾರ್ವಿನ್ ನಗರವನ್ನು ನೆಲಸಮ ಮಾಡಿದ ‘ಟ್ರೇಸಿ’ಯ ಬಿರುಗಾಳಿಯೋ, ಕೇಂದ್ರದಿಂದ ಸುಮಾರು 50 ಕಿಲೋಮೀಟರ್ ಆಚೆಗೆ ಚಾಚಿರಲಿಲ್ಲ.

ನಮ್ಮ ಕಡಲುಗಳಿಗೆ ಮಾತ್ರ ಚಂಡಮಾರುತದ ಕಾಲ ಎರಡು: ಮುಂಗಾರಿನ ಮೊದಲು, ಮುಂಗಾರು ಹಿಂದೆ ಸರಿದ ಮೇಲೆ. ನಡು ಮಳೆಗಾಲದಲ್ಲಿ ಕೆಳಗಿನ ಗಾಳಿ ಒಂದು ಕಡೆಗೆ, ಮೇಲಿನ ಗಾಳಿ ಇನ್ನೊಂದು ಕಡೆಗೆ ಬೀಸುವುದರಿಂದ ಮೋಡದ ಗೋಪುರ ನೆಟ್ಟಗೆ ನಿಲ್ಲುವುದೇ ಕಷ್ಟ. ಹೀಗಾಗಿ ವಾಯವ್ಯ ಪೆಸಿಫಿಕ್‌ನಲ್ಲಿ ವರ್ಷಕ್ಕೆ ಸುಮಾರು 25 ಎದ್ದರೆ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರ ಎರಡೂ ಸೇರಿ ಸುಮಾರು ಐದು.

ಲೆಕ್ಕ ಇಷ್ಟು ಚಿಕ್ಕದಿದ್ದರೂ ಸಾವಿನ ಲೆಕ್ಕ ಎದೆ ನಡುಗಿಸುತ್ತದೆ. ಬಂಗಾಳ ಕೊಲ್ಲಿಯ ಉತ್ತರದ ತುದಿ ಲಾಳಿಕೆಯಂತೆ ಕಿರಿದಾಗುತ್ತದೆ, ಆಳವೂ ಕಡಿಮೆ. ಗಾಳಿ ತಳ್ಳಿ ತಂದ ನೀರಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಕೆಳಗಿಳಿಯಲು ಆಳವಿಲ್ಲ. ಅದು ಎದ್ದು ನಿಲ್ಲುತ್ತದೆ. ಮುಂದಿರುವುದು ಕಡಲಮಟ್ಟಕ್ಕಿಂತ ಕೊಂಚವೇ ಎತ್ತರದ, ಜನ ಕಿಕ್ಕಿರಿದ ನದೀಮುಖಜ ಭೂಮಿ. 1970ರ ನವೆಂಬರ್‌ನ ಭೋಲಾ ಚಂಡಮಾರುತದಲ್ಲಿ ಈ ನೀರು ರಾತ್ರಿ ನುಗ್ಗಿ, ಈಗಿನ ಬಾಂಗ್ಲಾದೇಶದಲ್ಲಿ ಕನಿಷ್ಠ ಮೂರು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು.

ಹಾಗೆಂದು ಇದನ್ನು ಹಣೆಬರಹ ಎನ್ನಲು ನಾನು ಒಪ್ಪುವುದಿಲ್ಲ. ಒಡಿಶಾದಲ್ಲಿ 1999ರ ಸೂಪರ್ ಸೈಕ್ಲೋನ್‌ಗೆ ಸುಮಾರು 10,000 ಜನ ಸತ್ತರು. 2013ರಲ್ಲಿ ಅದೇ ಕರಾವಳಿಗೆ ‘ಫೈಲಿನ್’ ಅಪ್ಪಳಿಸುವ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ.