ಚಿಕ್ಕ ಗಾಡಿಗೆ ದೊಗಲೆ ಟರ್ಬೊ

ಎರಡು ಸೀಟಿನ ಪುಟ್ಟ ಕಾರೊಂದು ನನ್ನ ಗ್ಯಾರೇಜಿಗೆ ಬಂತು. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5, 1.8 ಲೀಟರಿನದು. ಬೇರೆ ಕಡೆ ಟರ್ಬೊ ಹಾಕಿಸಿ, ಪಿಸ್ಟನ್ನಿನ ಬಲವನ್ನು ಎಂಜಿನ್ ಶಾಫ್ಟಿಗೆ ದಾಟಿಸುವ ಕನೆಕ್ಟಿಂಗ್ ರಾಡ್‌ಗಳನ್ನೂ ಬದಲಾಯಿಸಿಕೊಂಡಿದ್ದರು. ಟರ್ಬೊದ ಒಂದು ತುದಿಯ ಟರ್ಬೈನನ್ನು ಎಕ್ಸಾಸ್ಟ್ ತಿರುಗಿಸುತ್ತದೆ, ಇನ್ನೊಂದು ತುದಿಯ ಕಂಪ್ರೆಸರ್ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಆ ಹೆಚ್ಚುವರಿ ಒತ್ತಡವೇ ಬೂಸ್ಟ್. ಓನರ್ ಕೈಯಲ್ಲಿ ಡೈನೋ ಹಾಳೆ, ಅಂದರೆ ಗಾಡಿಯ ಶಕ್ತಿ ಅಳೆದ ಗ್ರಾಫ್. “ಸಾರ್, 280 ಹಾರ್ಸ್‌ಪವರ್ ತೋರಿಸ್ತಿದೆ ನೋಡಿ. ಆದ್ರೂ ಟ್ರ್ಯಾಕಲ್ಲಿ ಫ್ರೆಂಡು 210ರ ಗಾಡೀಲಿ ಪ್ರತಿ ತಿರುವಲ್ಲೂ ನನ್ನ ಹಿಂದೆ ಹಾಕ್ತಾನೆ.”

ಹಾಳೆ ಸುಳ್ಳು ಹೇಳುತ್ತಿರಲಿಲ್ಲ. 280 ಇತ್ತು, 6,900 ಆರ್‌ಪಿಎಂನಲ್ಲಿ. ಅದೇ ಗೆರೆಯನ್ನು 4,000ದ ಕೆಳಗೆ ನೋಡಿದರೆ ಗಾಡಿಗೆ ಟರ್ಬೊ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಅವರ ಒಂದು ಲ್ಯಾಪಿನ ಲಾಗ್ ತೆಗೆದು, ಯಾವ ಆರ್‌ಪಿಎಂನಲ್ಲಿ ಎಷ್ಟು ಹೊತ್ತು ಓಡಿದ್ದಾರೆ ಅಂತ ನೋಡಿದೆವು. ಜಾಸ್ತಿ ಹೊತ್ತು ಕಳೆದದ್ದು 3,500 ಮತ್ತು 5,500ರ ನಡುವೆ. 6,900ರಲ್ಲಿ ಗಾಡಿ ಇದ್ದದ್ದು ಗೇರ್ ಬದಲಾಯಿಸುವ ಮುಂಚಿನ ಒಂದೊಂದು ಕ್ಷಣ ಮಾತ್ರ.

“ಮುಂದೆ ಬೇಕಾಗಬಹುದು” ಅಂತ ದೊಡ್ಡ ಟರ್ಬೊ ಕೊಳ್ಳುವುದು ಬೆಳೆಯುವ ಹುಡುಗನಿಗೆ ದೊಗಲೆ ಅಂಗಿ ಹೊಲಿಸಿದ ಹಾಗೆ. ಹುಡುಗನಾದರೂ ಬೆಳೆಯುತ್ತಾನೆ. 1.8 ಲೀಟರ್ ಎಂಜಿನ್ 1.8 ಲೀಟರಾಗಿಯೇ ಇರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಜನ ಲ್ಯಾಗ್ ಅಂತ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಎಂಜಿನ್ 2,500ರಲ್ಲಿ ಇರುವಾಗ ಕಾಲು ಪೂರ್ತಿ ಒತ್ತಿಕೊಂಡು ಎಷ್ಟು ಕಾದರೂ ದೊಡ್ಡ ಟರ್ಬೊ ಬೂಸ್ಟ್ ಕೊಡುವುದಿಲ್ಲ. ಅದನ್ನು ತಿರುಗಿಸುವಷ್ಟು ಎಕ್ಸಾಸ್ಟ್ ಅಲ್ಲಿ ಬರುತ್ತಲೇ ಇಲ್ಲ. ಇದು ಲ್ಯಾಗ್ ಅಲ್ಲ. ಬೂಸ್ಟ್ ಸಿಗುವ ಆರ್‌ಪಿಎಂನಲ್ಲೇ ಇದ್ದು, ಕಾಲು ಒತ್ತಿದ ಮೇಲೆ ಅದು ತುಂಬಿಕೊಳ್ಳಲು ಹಿಡಿಯುವ ಹೊತ್ತು ಲ್ಯಾಗ್. ಬಾಲ್ ಬೇರಿಂಗ್ ಟರ್ಬೊ ಹಾಕಿದರೆ ಎರಡನೆಯದು ಸ್ವಲ್ಪ ಕಡಿಮೆಯಾಗುತ್ತದೆ. ಮೊದಲನೆಯದಕ್ಕೆ ಸರಿಯಾದ ಸೈಜೇ ಮದ್ದು.

ಸೈಜ್ ಆರಿಸುವುದು ಗಾಳಿಯ ಲೆಕ್ಕದಿಂದ. ಕಷ್ಟವೇನಿಲ್ಲ, ಒಂದು ಕಾಗದ ಸಾಕು. ಈ ಎಂಜಿನ್ 1,839 ಸಿಸಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉಸಿರೆಳೆಯುತ್ತದೆ. ಹಾಗಾಗಿ 7,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 6,400 ಲೀಟರ್. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಶೇ 90 ಅಂದುಕೊಳ್ಳೋಣ. 5,800 ಲೀಟರ್ ಆಯಿತು. ಬೂಸ್ಟ್ 0.7 ಬಾರ್ ಇದ್ದು, ತಣಿಸುವ ಇಂಟರ್‌ಕೂಲರ್ ದಾಟಿದ ಗಾಳಿ 45 ಡಿಗ್ರಿ ಇದ್ದರೆ ಸಾವಿರ ಲೀಟರ್ ಗಾಳಿ ಸುಮಾರು 1.9 ಕೆಜಿ ತೂಗುತ್ತದೆ. ಒಟ್ಟು 11 ಕೆಜಿ, ಅಂದರೆ ನಿಮಿಷಕ್ಕೆ 24 ಪೌಂಡ್. ಪೌಂಡಿಗೆ ಯಾಕೆ ಬದಲಾಯಿಸಿದೆ ಅಂದರೆ, ಟರ್ಬೊ ಕಂಪನಿಗಳ ಎಷ್ಟೋ ಮ್ಯಾಪುಗಳು ಪೌಂಡಿನಲ್ಲೇ ಇರುತ್ತವೆ. ಇನ್ನೊಂದು ಅನುಕೂಲವೂ ಇದೆ. ನಿಮಿಷಕ್ಕೆ ಒಂದು ಪೌಂಡ್ ಗಾಳಿಗೆ ಪೆಟ್ರೋಲ್ ಎಂಜಿನ್ ಕ್ರ್ಯಾಂಕಿನಲ್ಲಿ, ಅಂದರೆ ಗೇರ್‌ಬಾಕ್ಸಿಗೆ ಮುಂಚೆ ಎಂಜಿನ್ನಿನ ಶಾಫ್ಟಿನಲ್ಲೇ, ಹೆಚ್ಚುಕಡಿಮೆ ಹತ್ತು ಹಾರ್ಸ್‌ಪವರ್ ಕೊಡುತ್ತದೆ. ಅಲ್ಲಿಗೆ 240. ಕಂಪನಿಯಿಂದ ಬಂದಾಗ ಇದೇ ಎಂಜಿನ್ 130ರ ಆಸುಪಾಸಿನಲ್ಲಿತ್ತು.

ಬಹಳ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅಲ್ಲೇ ಎಡವುವುದು. ಇದೇ ಲೆಕ್ಕವನ್ನು 3,000 ಆರ್‌ಪಿಎಂಗೂ ಮಾಡಿ. ಹತ್ತು ಪೌಂಡಿನ ಆಸುಪಾಸು ಮಾತ್ರ ಬರುತ್ತದೆ. ನಾನು ಟರ್ಬೊ ಆರಿಸುವಾಗ ಮೊದಲು ನೋಡುವುದು ಈ ಕಡಿಮೆ ಆರ್‌ಪಿಎಂನ ಅಂಕಿಯನ್ನು.

ಇನ್ನು ಒತ್ತಡದ ಅನುಪಾತ, ಅಂದರೆ ಕಂಪ್ರೆಸರಿನಿಂದ ಹೊರಬರುವ ಒತ್ತಡ ಒಳಹೋಗುವುದರ ಎಷ್ಟು ಪಟ್ಟು ಅನ್ನುವುದು. 0.7 ಬಾರ್ ಬೂಸ್ಟ್ ಅಂದರೆ ಅನುಪಾತ 1.7 ಅಂತ ಸುಮ್ನೆ ಬರೆದುಬಿಡುತ್ತಾರೆ. ಆದರೆ ಇಂಟರ್‌ಕೂಲರ್ ಮತ್ತು ಪೈಪುಗಳಲ್ಲಿ ಸುಮಾರು 0.1 ಬಾರ್ ಒತ್ತಡ ಕಡಿಮೆಯಾಗುತ್ತದೆ, ಅದನ್ನೂ ಟರ್ಬೊವೇ ದುಡಿಯಬೇಕು. ಏರ್ ಫಿಲ್ಟರ್ ಕೂಡ ಒಂದಿಷ್ಟು ತಡೆಯುತ್ತದೆ. ಎಲ್ಲ ಸೇರಿಸಿದರೆ ಸಮುದ್ರಮಟ್ಟದಲ್ಲಿ 1.83 ಬರುತ್ತದೆ. ಅದೇ ಗಾಡಿ 1,500 ಮೀಟರ್ ಎತ್ತರದ ಊರಿನಲ್ಲಿ ಓಡಿದರೆ ಹೊರಗಿನ ಒತ್ತಡವೇ 0.85 ಬಾರ್. ಗೇಜಿನಲ್ಲಿ ಅದೇ 0.7 ತೋರಿಸಬೇಕಾದರೆ ಅನುಪಾತ 2ರ ಹತ್ತಿರ ಹೋಗುತ್ತದೆ.

ಈ ಎರಡು ಅಂಕಿಗಳನ್ನು ಕಂಪ್ರೆಸರ್ ಮ್ಯಾಪಿನ ಮೇಲೆ ಇಡಿ. ಅಡ್ಡಕ್ಕೆ ಗಾಳಿ, ಉದ್ದಕ್ಕೆ ಅನುಪಾತ. ನಡುವೆ ಗುಡ್ಡದ ನಕ್ಷೆಯ ಹಾಗೆ ಒಂದರೊಳಗೊಂದು ಉಂಗುರಗಳು. ಒಳಗಿನ ಉಂಗುರದಲ್ಲಿ ಕಂಪ್ರೆಸರ್ ಚೆನ್ನಾಗಿ ಕೆಲಸ ಮಾಡುತ್ತದೆ, ಹೊರಕ್ಕೆ ಹೋದಷ್ಟೂ ಗಾಳಿಯನ್ನು ಒತ್ತುವುದಕ್ಕಿಂತ ಕಾಯಿಸುವುದೇ ಜಾಸ್ತಿ. 30 ಡಿಗ್ರಿಯ ಗಾಳಿಯನ್ನು 1.83ಕ್ಕೆ ಒತ್ತಿದರೆ, ಶೇ 75ರ ದಕ್ಷತೆಯ ಉಂಗುರದಲ್ಲಿ ಅದು 105 ಡಿಗ್ರಿಗೆ ಹೊರಬರುತ್ತದೆ. ಶೇ 60ರಲ್ಲಿ 124. ಗೇಜಿನಲ್ಲಿ ಎರಡೂ ಒಂದೇ ಬೂಸ್ಟ್. ಆದರೆ ಆ 19 ಡಿಗ್ರಿ ಇಂಟರ್‌ಕೂಲರಿಗೆ ಹೆಚ್ಚುವರಿ ಹೊರೆ, ಎಂಜಿನ್ನಿಗೆ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿಯೇ ಸಿಡಿಯುವ ಭಯ. ತೀರಾ ಚಿಕ್ಕ ಟರ್ಬೊ ಹಾಕಿದವರಿಗೆ ಮೇಲಿನ ಆರ್‌ಪಿಎಂನಲ್ಲಿ ಆಗುವುದು ಇದೇ. ನಾನೇನೂ ಚಿಕ್ಕದೇ ದೇವರು ಅನ್ನುತ್ತಿಲ್ಲ.

ಮ್ಯಾಪಿನ ಎಡಗಡೆಯ ಗೆರೆ ಸರ್ಜ್. ಅದರಾಚೆ ಹೋದರೆ ಕಂಪ್ರೆಸರ್ ತಳ್ಳಿದ ಗಾಳಿ ವಾಪಸ್ ನುಗ್ಗುತ್ತದೆ, ಮತ್ತೆ ತಳ್ಳುತ್ತದೆ, ಮತ್ತೆ ನುಗ್ಗುತ್ತದೆ. ಆ ಎಂಎಕ್ಸ್-5ನಲ್ಲಿ ಹಿಂದಿನವರು ಬೇಗ ಬೂಸ್ಟ್ ಬರಲಿ ಅಂತ ದೊಡ್ಡ ಕಂಪ್ರೆಸರಿಗೆ ಚಿಕ್ಕ ಟರ್ಬೈನ್ ಹೌಸಿಂಗ್ ಜೋಡಿಸಿದ್ದರು. ಐದನೇ ಗೇರಿನಲ್ಲಿ 4,000ದ ಹತ್ತಿರ ಕಾಲು ಒತ್ತಿದರೆ ಪಾರಿವಾಳ ಗುಟುರು ಹಾಕಿದಂಥ ಸದ್ದು. ಓನರಿಗೆ ಆ ಸದ್ದೆಂದರೆ ಇಷ್ಟ! ಕಾಲು ತೆಗೆದಾಗ ಒಂದು ಕ್ಷಣ ಬರುವ ಸದ್ದಾದರೆ ಆಗ ಮಿಕ್ಕ ಒತ್ತಡ ಹೊರಬಿಡುವ ಬ್ಲೋ-ಆಫ್ ವಾಲ್ವ್ ನೋಡಿದರೆ ಸಾಕು. ಒತ್ತಿ ಹಿಡಿದಾಗಲೇ ಬಂದರೆ ಕಂಪ್ರೆಸರ್ ಆ ಎಂಜಿನ್ನಿಗೆ ದೊಡ್ಡದಾಯಿತು ಅಂತಲೇ ಅರ್ಥ.

ಟರ್ಬೊದ ಮುಂದಿನ ರಬ್ಬರ್ ಪೈಪ್ ಕಳಚಿ, ಕಂಪ್ರೆಸರ್ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಆಡಿಸಿದೆ. ಜರ್ನಲ್ ಬೇರಿಂಗ್ ಟರ್ಬೊದಲ್ಲಿ ಶಾಫ್ಟ್ ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಆ ಜಾಗ ಆಯಿಲಿಗೆ ಬೇಕು. ಹಿಂದಕ್ಕೂ ಮುಂದಕ್ಕೂ ಕೈಗೆ ಗೊತ್ತಾಗುವಷ್ಟು ಆಡಬಾರದು. ಇದು ಟಕ್ ಟಕ್ ಅಂತ ಆಡುತ್ತಿತ್ತು. ಟಾರ್ಚ್ ಬಿಟ್ಟು ನೋಡಿದರೆ ಹೌಸಿಂಗಿನ ಒಳಗೋಡೆಯಲ್ಲಿ ಬ್ಲೇಡು ಉಜ್ಜಿದ ಬೆಳ್ಳಗಿನ ಗೆರೆ. ಶಾಫ್ಟ್ ಹಿಂದೆಮುಂದೆ ಜರುಗದ ಹಾಗೆ ಹಿಡಿಯುವ ಥ್ರಸ್ಟ್ ಬೇರಿಂಗ್ ಮುಗಿದಿತ್ತು. ಅವರಿಗೆ ಬೆರಳಿಟ್ಟು ನೋಡಲು ಹೇಳಿದೆ. ಆಮೇಲೆ ಪಾರಿವಾಳದ ಮಾತೆತ್ತಲಿಲ್ಲ.

ಟರ್ಬೈನ್ ಕಡೆಯ ಅಂಕಿ ಎ/ಆರ್. ಹೌಸಿಂಗಿನ ದಾರಿ ಎಷ್ಟು ಅಗಲ ಅನ್ನುವುದನ್ನು ಅದು ಹೇಳುತ್ತದೆ. 0.64 ಬೇಗ ತಿರುಗಿಸುತ್ತದೆ, ಮೇಲೆ ಉಸಿರು ಕಟ್ಟಿಸುತ್ತದೆ. 0.86 ಅದರ ಉಲ್ಟಾ. ಟರ್ಬೊದ ಹೆಸರು ನೋಡಿ ಮೋಸಹೋಗಬಾರದು. ಗ್ಯಾರೆಟ್‌ನ ಜಿಟಿ2560ಆರ್ ಮತ್ತು ಜಿಟಿ2860ಆರ್‌ಎಸ್ ಎರಡರಲ್ಲೂ ಕಂಪ್ರೆಸರ್ ಚಕ್ರದ ಹೊರ ಅಳತೆ 60.1 ಮಿಮೀ. ಗಾಳಿ ಒಳಬರುವ ಬಾಯಿ ಒಂದರಲ್ಲಿ 46.5, ಇನ್ನೊಂದರಲ್ಲಿ 47.2. ಮುಂದಿನಿಂದ ನೋಡಿದರೆ ಅಣ್ಣತಮ್ಮಂದಿರು. ಆದರೆ ಎರಡನೆಯದರ ಟರ್ಬೈನ್ ದೊಡ್ಡದು, ಅದಕ್ಕೇ ಎಚ್ಚರಗೊಳ್ಳಲು ಹೊತ್ತು ಬೇಕು. 1.8 ಲೀಟರಿಗೆ ನಾನು ಮೊದಲನೆಯದನ್ನೇ ಹೇಳುವುದು.

ಈ ಜಗಳ ಹೊಸದಲ್ಲ. 1975ರ ಪೋರ್ಷೆ 911 ಟರ್ಬೊ 3 ಲೀಟರಿನಲ್ಲಿ 260 ಹಾರ್ಸ್‌ಪವರ್ ಕೊಟ್ಟಿತು. ಬೂಸ್ಟ್ ತಡವಾಗಿ, ಒಮ್ಮೆಲೇ, ತಿರುವಿನ ನಡುವೆ ಬಂದು ಹಿಂದಿನ ಚಕ್ರ ಜಾರಿಸುವುದಕ್ಕೂ ಅದು ಹೆಸರಾಯಿತು. ಕೆಲವೇ ವರ್ಷಗಳಲ್ಲಿ ಬಂದ ಸಾಬ್ 99 ಟರ್ಬೊ ಬೇರೆ ದಾರಿ ಹಿಡಿಯಿತು. ಚಿಕ್ಕ ಟರ್ಬೊ, ಹೆಚ್ಚಾದ ಎಕ್ಸಾಸ್ಟನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್, 2 ಲೀಟರಿನಲ್ಲಿ 145 ಹಾರ್ಸ್‌ಪವರ್, ನಡುವಿನ ಆರ್‌ಪಿಎಂನಲ್ಲಿ ಒಳ್ಳೆ ಎಳೆತ. ಹೆಚ್ಚುಕಡಿಮೆ ಒಂದು ಟನ್ ತೂಗುವ, ಹಿಂದಿನ ಚಕ್ರ ಎಳೆಯುವ ಪುಟ್ಟ ಗಾಡಿಗೆ ನನಗೆ ಎರಡನೆಯ ದಾರಿಯೇ ಸರಿ ಅನ್ನಿಸುತ್ತದೆ. ಒಂದು ಎಚ್ಚರಿಕೆ ಮಾತ್ರ. ಕನೆಕ್ಟಿಂಗ್ ರಾಡನ್ನು ಬಗ್ಗಿಸುವುದು ಮೇಲಿನ ಹಾರ್ಸ್‌ಪವರ್ ಅಲ್ಲ, ಕೆಳಗೆ ಒಮ್ಮೆಲೇ ನುಗ್ಗುವ ಟಾರ್ಕ್. ಕಂಪನಿಯ ರಾಡ್ ಇದ್ದರೆ 3,000ದಲ್ಲೇ ಪೂರ್ತಿ ಬೂಸ್ಟ್ ಬಿಡಬೇಡಿ, ಬೂಸ್ಟ್ ಕಂಟ್ರೋಲರಿನಲ್ಲಿ ಮೆಲ್ಲಗೆ ಏರಿಸಿ. ಇಂಜೆಕ್ಟರ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕಥೆ ಇನ್ನೊಂದು ದಿನಕ್ಕಿರಲಿ.

ಆ ಗಾಡಿಗೆ ಜಿಟಿ2560ಆರ್ ಹಾಕಿದೆವು. ಮೊದಲ ದಿನ 3,200ಕ್ಕೆಲ್ಲ ಬೂಸ್ಟ್ ಬಂತು, ಖುಷಿಯಾಯಿತು. ಆದರೆ 6,000 ದಾಟುತ್ತಿದ್ದ ಹಾಗೆ ಗೇಜು 0.7ರಲ್ಲಿ ನಿಲ್ಲದೆ 0.8, 0.9 ಅಂತ ಏರುತ್ತಲೇ ಹೋಯಿತು. ಕಾಲು ತೆಗೆದೆ. ಸೈಲೆನ್ಸರಿನ ಕಡೆ ದಾರಿ ಬಹಳ ಸರಾಗವಾಗಿತ್ತು, ವೇಸ್ಟ್‌ಗೇಟಿನ ತೂತು ಸಾಲದೆ ಉಳಿದ ಎಕ್ಸಾಸ್ಟೆಲ್ಲ ಟರ್ಬೈನಿಗೇ ನುಗ್ಗುತ್ತಿತ್ತು. ಟರ್ಬೊ ಮತ್ತೆ ಇಳಿಸಿ, ಆ ತೂತನ್ನು ಮುಚ್ಚಳ ಕೂರಲು ಅಂಚು ಬಿಟ್ಟು ಗ್ರೈಂಡರಿನಲ್ಲಿ ಅಗಲ ಮಾಡಿದೆವು. ಒಂದು ಮಧ್ಯಾಹ್ನದ ಕೆಲಸ. ಈಗ ಕೆಂಪು ಗೆರೆಯವರೆಗೂ 0.7ರಲ್ಲೇ ನಿಲ್ಲುತ್ತದೆ. ಗಾಡಿಯ ಚಕ್ರದಲ್ಲಿ, ಅಂದರೆ ಗೇರ್‌ಬಾಕ್ಸಿನ ನಷ್ಟ ಕಳೆದು, ಅಳೆದರೆ 205 ಹಾರ್ಸ್‌ಪವರ್. ಹೊಸ ಡೈನೋ ಹಾಳೆಯನ್ನು ಓನರ್ ಒಯ್ಯಲು ಮರೆತು ಹೋದರು, ನನ್ನ ಮೇಜಿನ ಡ್ರಾಯರಿನಲ್ಲೇ ಇದೆ.